ಗದ್ದೆಗೆ ಇಳಿಯುವ ಕಾಲು

2022ರಲ್ಲಿ ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ದೇವದುರ್ಗ, ಮಾನ್ವಿ ಕಡೆ ಆಗಾಗ ನಡೆಯುತ್ತಿದ್ದ ಶಿಬಿರಗಳಿಗೂ ಹೋಗಬೇಕಿತ್ತು. ಕಾಲು ಕಳೆದುಕೊಂಡವರನ್ನು, ಲಕ್ವ ಹೊಡೆದವರನ್ನು ಪರೀಕ್ಷಿಸಿ, ಯಾರಿಗೆ ಊರುಗೋಲು, ಯಾರಿಗೆ ವಾಕರ್, ಯಾರಿಗೆ ಗಾಲಿಕುರ್ಚಿ ಎಂದು ಫಾರಂನಲ್ಲಿ ಬರೆಯುವುದು ಅಲ್ಲಿ ನನ್ನ ಕೆಲಸ.

ಆ ಏಪ್ರಿಲ್‌ನಲ್ಲಿ ದೇವದುರ್ಗದ ಶಿಬಿರಕ್ಕೆ ದುರುಗಮ್ಮ ಬಂದಳು. ವಯಸ್ಸು ನಲವತ್ತರ ಆಸುಪಾಸು. ಗಂಡನ ಊರು ಮಾನ್ವಿ ತಾಲ್ಲೂಕಿನ ಬಾಗಲವಾಡ, ತವರು ದೇವದುರ್ಗ. ಹಿಂದಿನ ನವೆಂಬರ್‌ನಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಗುಚಿ ಎಡಗಾಲು ಜಜ್ಜಿಹೋಗಿತ್ತು. ಮೊಣಕಾಲಿನ ಕೆಳಗೆ ಆರು ಇಂಚು ಉಳಿಸಿ ಕತ್ತರಿಸಿದ್ದರು. ಗಾಯ ಚೆನ್ನಾಗಿ ಮಾಗಿತ್ತು. ಆದರೂ ನಾನು ಗಾಲಿಕುರ್ಚಿ ಎಂದು ಬರೆದೆ. ಸಾಲು ಉದ್ದವಿತ್ತು, ಕುರ್ಚಿಗಳು ಸಿದ್ಧವಿದ್ದವು, ಕೃತಕ ಕಾಲಿಗಾದರೆ ಆಕೆ ರಾಯಚೂರಿಗೆ ಹಲವು ಸಲ ಓಡಾಡಬೇಕಿತ್ತು. ವೈದ್ಯಕೀಯ ಕಾರಣ ಒಂದೂ ಇರಲಿಲ್ಲ.

ಫೋಟೋಗೆಂದು ಎಲ್ಲರನ್ನೂ ಕುರ್ಚಿಗಳಲ್ಲಿ ಕೂರಿಸಿದರು. ದುರುಗಮ್ಮ ಮಾತ್ರ ಎರಡು ಊರುಗೋಲುಗಳ ಮೇಲೆ ನಿಂತೇ ಇದ್ದಳು. ಸಂಘಟಕರು ಹೇಳಿ ಸೋತರು. ಕೊನೆಗೆ ನಾನೇ ಹೋಗಿ, ಒಂದು ನಿಮಿಷ ಕುಳಿತುಬಿಡಮ್ಮ ಎಂದೆ.

“ಕುಂತರ ಎಬ್ಬಸೋರು ಯಾರ್ರೀ ಅಕ್ಕಾರ? ನಾನು ಹದಿನಾಕು ಮಂದಿ ಹೆಣ್ಣಾಳು ಕರ್ಕೊಂಡು ಸಸಿ ಹಚ್ಚಾಕ ಹೋಗಾಕಿ. ನನಗ ಗದ್ದ್ಯಾಗ ಇಳಿಯೋ ಕಾಲು ಬೇಕು.”

ಕೊಟ್ಟದ್ದನ್ನು ಬೇಡ ಎನ್ನುವವರನ್ನು ಇವತ್ತೇ ನೋಡಿದ್ದು ಎಂದು ಯಾರೋ ಗೊಣಗಿದರು. ನನಗೆ ಮುಖವೆತ್ತಿ ಆಕೆಯನ್ನು ನೋಡುವುದು ಕಷ್ಟವಾಯಿತು. ಫಾರಂ ವಾಪಸು ಪಡೆದು ಗಾಲಿಕುರ್ಚಿ ಎಂಬುದನ್ನು ಹೊಡೆದುಹಾಕಿ, ಕೃತಕ ಕಾಲು ಎಂದು ಬರೆದು, ಸೋಮವಾರ ರಾಯಚೂರಿಗೆ ಬಾ ಎಂದೆ.

ನಮ್ಮಲ್ಲಿ ಕೃತಕ ಕಾಲು ತಯಾರಿಸುತ್ತಿದ್ದವರು ಖಾಜಾಸಾಬ. ಅವರು ಆಕೆಯ ಮೋಟುಗಾಲಿಗೆ ಪ್ಲಾಸ್ಟರ್ ಅಚ್ಚು ತೆಗೆದು, ಅದು ಕೂರುವ ಸಾಕೆಟ್ ಮಾಡಿ, ಕೆಳಗೆ ರಬ್ಬರ್ ಪಾದ ಜೋಡಿಸಿದರು. ನಾನು ಪ್ಯಾರಲಲ್ ಬಾರ್‌ಗಳ ನಡುವೆ, ಅಂದರೆ ಎರಡೂ ಕಡೆ ಹಿಡಿಯಲು ಕಂಬಿಗಳಿರುವ ಹಾದಿಯಲ್ಲಿ, ನಡಿಗೆ ಕಲಿಸಿದೆ. ನಾವು ಮುಂದಕ್ಕೆ ನಡೆಯುವಾಗ ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ, ಆಮೇಲೆ ಅಂಗಾಲು, ಕೊನೆಗೆ ಬೆರಳುಗಳು ನೆಲವನ್ನು ಹಿಂದಕ್ಕೆ ಒದ್ದು ಮೈಯನ್ನು ಮುಂದಕ್ಕೆ ನೂಕುತ್ತವೆ. ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಅಳುಕಿಲ್ಲದೆ ದಾಟಬೇಕು. ಜೂನ್ ಹೊತ್ತಿಗೆ ದುರುಗಮ್ಮ ಕೋಲಿಲ್ಲದೆ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದಳು. ಗುರಿ ತಲುಪಿದೆ ಎಂದು ಕೇಸ್ ಶೀಟಿನಲ್ಲಿ ಬರೆದೆ.

“ಇದು ಸಂತಿಗೆ ಹೋಗೋ ಕಾಲು, ಅಕ್ಕಾರ. ಗದ್ದಿಗೆ ಹೋಗೋದು ಯಾವಾಗ?” ಎಂದಳು.

ಕೆಸರು ಸಾಕೆಟ್ಟನ್ನು ಎಳೆಯುತ್ತದೆ, ತೇವಕ್ಕೆ ಚರ್ಮ ಒಡೆಯುತ್ತದೆ, ಹುಣ್ಣಾದರೆ ಮೊಣಕಾಲೂ ಹೋದೀತು ಎಂದು ತಿಳಿಹೇಳಿದೆ. ಬೇರೆ ಕೆಲಸ ನೋಡಿಕೋ ಎಂದೂ ಅಂದೆ. ಆಕೆ ಜಗಳಕ್ಕೆ ಬರಲಿಲ್ಲ. ತನ್ನ ಗುಂಪಿನ ಹೆಂಗಸರನ್ನು ಬೇರೊಬ್ಬಳು ಕರೆಯತೊಡಗಿದ್ದಾಳೆ, ಈ ಸಲದ ನಾಟಿಗೆ ತಾನು ಇಳಿಯದಿದ್ದರೆ ಗುಂಪು ಕೈತಪ್ಪುತ್ತದೆ ಎಂದಷ್ಟೇ ಹೇಳಿದಳು. ಹೊರಡುವಾಗ ಬಾಗಿಲಲ್ಲಿ ನಿಂತಳು.

“ಒಮ್ಮಿ ಬಂದು ನೋಡ್ರಿ. ನೋಡಿದ ಮ್ಯಾಲೆ ಆಗಂಗಿಲ್ಲ ಅನ್ರಿ.”

ಜುಲೈನ ಒಂದು ಭಾನುವಾರ ಖಾಜಾಸಾಬರನ್ನು ಕರೆದುಕೊಂಡು ಬಾಗಲವಾಡಕ್ಕೆ ಹೋದೆ. ನಾಟಿ ಆಗಷ್ಟೇ ಶುರುವಾಗಿತ್ತು. ಮೂವತ್ತು ವರ್ಷ ನಡಿಗೆ ಕಲಿಸಿದ ನಾನು ಆ ನಡಿಗೆಯನ್ನು ಒಂದು ಸಲವೂ ಗಮನಿಸಿರಲಿಲ್ಲ. ನಾಟಿ ಮಾಡುವವರು ಸೊಂಟ ಬಾಗಿಸಿ ಹಿಂದಕ್ಕೆ ನಡೆಯುತ್ತಾರೆ. ಅಲ್ಲಿ ಕೆಳಗಿಳಿಯುವುದು ಮೊದಲು ಬೆರಳು, ಆಮೇಲೆ ಹಿಮ್ಮಡಿ. ಪಾದವನ್ನು ನೆಟ್ಟಗೆ ಕೀಳುವುದೂ ಇಲ್ಲ. ಹಿಮ್ಮಡಿಯನ್ನು ಸ್ವಲ್ಪ ಎತ್ತಿ, ಪಕ್ಕದಿಂದ ಗಾಳಿ ನುಗ್ಗಲು ಬಿಟ್ಟು, ನಂತರ ಜಾರಿಸಿಕೊಳ್ಳುತ್ತಾರೆ. ಇದನ್ನೆಲ್ಲ ಮಾಡುವುದು ಪಾದದ ಕೀಲು. ನಾವು ಕೊಟ್ಟಿದ್ದ ರಬ್ಬರ್ ಪಾದಕ್ಕೆ ಹಾಗೆ ಹೊರಳುವ ಕೀಲೇ ಇರಲಿಲ್ಲ.

ನಾನು ಬೇಡವೆನ್ನುವಷ್ಟರಲ್ಲಿ ದುರುಗಮ್ಮ ಸೀರೆ ಮೇಲಕ್ಕೆತ್ತಿ ಕಟ್ಟಿ ಇಳಿದೇಬಿಟ್ಟಳು. ಮೂರನೇ ಹೆಜ್ಜೆಗೆ ಕೃತಕ ಕಾಲು ಕೆಸರಿನಲ್ಲೇ ಉಳಿಯಿತು, ಆಕೆ ನೀರಿನಲ್ಲಿ ಕುಸಿದಳು. ಹೆಂಗಸರು ಓಡಿ ಬಂದರು. ಯಾರೂ ಹಿಡಿಯಬೇಡಿ ಎಂದು ಕೈಯೆತ್ತಿ ತಡೆದಳು. ಎರಡೂ ಕೈಯಿಂದ ಆ ಕಾಲನ್ನು ಕಿತ್ತು, ಕೆಸರು ಸುರಿಯುತ್ತಿದ್ದ ಹಾಗೆಯೇ ನನ್ನ ಕಡೆ ಚಾಚಿದಳು.

“ಎಲ್ಲಿ ಹಿಡೀತದ ಅಂತ ಈಗ ಗೊತ್ತಾತಲ್ರೀ?”

ಬದುವಿನ ಮೇಲೆ ಕುಳಿತ ಖಾಜಾಸಾಬ ಆ ಕಾಲನ್ನು ತೆಗೆದುಕೊಂಡು ಕೆಸರು ಒರೆಸಿದರು. ಪಕ್ಕದ ಗದ್ದೆಯ ಎಮ್ಮೆಯನ್ನು ನೋಡುತ್ತಿದ್ದರು. “ಪಾದಾನ ತಗದು ಬಿಡೋಣು ಮೇಡಂ. ಎಮ್ಮಿ ಗೊರಸು ನೋಡ್ರಿ. ಊರಿದಾಗ ಅಗಲ ಆಗ್ತದ, ಎತ್ತಿದಾಗ ಕೂಡ್ತದ. ಹಂಗ ಮಾಡೋಣು” ಎಂದರು.

ಹಾಗೆಯೇ ಮಾಡಿದೆವು. ಪಾದದ ಜಾಗಕ್ಕೆ ನಡುವೆ ಸೀಳಿದ ಗಟ್ಟಿ ರಬ್ಬರಿನ ಸಣ್ಣ ಬುಡ, ಕೆಸರು ಕಾಲನ್ನು ಕಿತ್ತುಕೊಳ್ಳದಂತೆ ಸೊಂಟದಿಂದ ಇಳಿದು ಸಾಕೆಟ್ ಹಿಡಿಯುವ ಪಟ್ಟಿ, ನೀರು ನುಗ್ಗದಂತೆ ಸಾಕೆಟ್ಟಿನ ಬಾಯಿಗೆ ಗಾಲಿಯ ರಬ್ಬರ್ ಟ್ಯೂಬ್ ಕತ್ತರಿಸಿ ಮಾಡಿದ ಬಿಗಿ ಹೊದಿಕೆ. ಮೂರು ಸಲ ಕೆಟ್ಟಿತು, ಮೂರು ಸಲ ಬಿಚ್ಚಿ ಕಟ್ಟಿದೆವು. ನಡುವೆ, ಮಂಜೂರಾದ ಸಾಧನಗಳ ಪಟ್ಟಿಯಲ್ಲಿಲ್ಲದ್ದನ್ನು ಮಾಡಿದ್ದೇಕೆ ಎಂದು ವಿವರಣೆ ಕೇಳುವ ಪತ್ರ ಮೇಲಿನ ಕಚೇರಿಯಿಂದ ಬಂತು. ನನ್ನ ಉತ್ತರ ಚಿಕ್ಕದಿತ್ತು: “ಈ ರೋಗಿ ದಿನವಿಡೀ ನಡೆಯುವುದು ಕೆಸರಿನಲ್ಲಿ, ಹಿಂದಕ್ಕೆ. ಅದಕ್ಕೆ ತಕ್ಕ ಕಾಲು ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಮಾಡಿದ್ದೇವೆ.” ಮತ್ತೆ ಪತ್ರ ಬರಲಿಲ್ಲ.

ಆಗಸ್ಟ್‌ನಲ್ಲಿ ಆಕೆ ಗದ್ದೆಗಿಳಿದಳು. ಎರಡು ಗಂಟೆಗೊಮ್ಮೆ ಕಾಲು ಬಿಚ್ಚಿ, ಒರೆಸಿ, ಚರ್ಮ ನೋಡಿಕೊಳ್ಳಬೇಕು, ಕೆಂಪಾದರೆ ನಿಲ್ಲಿಸಬೇಕು ಎಂಬುದು ನನ್ನ ಷರತ್ತು. ಮೊದಲ ದಿನವೇ ಮೀರಿದಳು. ನಾನು ನೋಡಿದಾಗ ಮೋಟುಗಾಲಿನ ತುದಿ ಕೆಂಪಾಗಿತ್ತು. ಬೈದೆ. “ತಪ್ಪಾತ್ರಿ. ಆದ್ರ ಸಾಲು ಮುಗಿಸಿ ಬಂದೀನಿ” ಎಂದಳು. ಒಂದು ವಾರ ಕೆಲಸ ಬಿಡಿಸಿದೆ. ಆಮೇಲೆ ಗಡಿಯಾರ ನೋಡಿ ಕೆಲಸ ಮಾಡಿದಳು. ಮೊದಲಿನ ವೇಗ ಬರಲೇ ಇಲ್ಲ. ಮಧ್ಯಾಹ್ನದ ನಂತರ ಇಳಿಯುತ್ತಲೂ ಇರಲಿಲ್ಲ.

ನಾನು ಕೊನೆಯ ಸಲ ಹೋದಾಗ ಗದ್ದೆಯ ಯಜಮಾನ ಬದುವಿನ ಮೇಲಿದ್ದ. ಒಂಟಿಕಾಲಿನವಳನ್ನು ಅರ್ಧ ದಿನದ ಕೂಲಿಗೂ ಪೂರ್ತಿ ಆಳೆಂದು ಹೇಗೆ ಎಣಿಸುವುದು ಎಂದು ಎಲ್ಲರಿಗೂ ಕೇಳುವಂತೆ ಅಂದ. ದುರುಗಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು.

“ಯಜಮಾನ್ರ, ಇಳದು ಬರ್ರಿ. ಇದ್ರಾಗ ನನ್ನ ಸಾಲು ಯಾವ್ದು ಹೇಳ್ರಿ.”

ಆತ ಸಾಲುಗಳನ್ನು ನೋಡಿದ. ಒಂದನ್ನು ತೋರಿಸಿದ. ಅದು ಬೇರೆಯವಳದು. ಹದಿನಾಲ್ಕು ಹೆಂಗಸರೂ ನಕ್ಕರು. ಆಕೆ ನಗಲಿಲ್ಲ, ಬಾಗಿ ಮುಂದಿನ ಸಸಿ ಹಚ್ಚಿದಳು.

ಅಲ್ಲಿಂದ ನಿವೃತ್ತಿಯವರೆಗೆ, ನೀವು ಎಲ್ಲಿ ನಡೆಯಬೇಕು ಎಂದು ಕೇಳದೆ ನಾನು ಯಾರಿಗೂ ಕಾಲನ್ನಾಗಲಿ ಕೋಲನ್ನಾಗಲಿ ಬರೆಯಲಿಲ್ಲ. ಒಬ್ಬಾಕೆ ಜಿನ್ನಿಂಗ್ ಮಿಲ್ಲಿನ ಹತ್ತಿಯ ರಾಶಿ ಎಂದಳು. ಒಬ್ಬ ಮುದುಕರು ಮಸೀದಿಯ ಮೆಟ್ಟಿಲು ಎಂದರು. ನಮ್ಮ ವಿಭಾಗದ ನೆಲ ನುಣುಪಾಗಿ, ಸಮತಟ್ಟಾಗಿ ಇತ್ತು. ಅಲ್ಲಿ ಬದುಕುವವರು ಯಾರೂ ಇರಲಿಲ್ಲ ಎಂಬುದು ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು.