ಅಣ್ಣನ ಫೋನಿಗೆ ಬರುತ್ತಿದ್ದ ನಂಬರು

ನಮ್ಮ ಶೇಂಗಾ ಮಂಡಿಯ ಸರ್ವರ್ ಬರೆದವನು ನಾನು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಹಿರಿಯೂರಿನ ಈ ಮಂಡಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದವನು. ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರುವವರು ಯಾರೂ ಇರಲಿಲ್ಲ; ಕೂತೆ. ವಿಡಿಯೋ ನೋಡಿ, ಕೆಡಿಸಿ, ಮತ್ತೆ ಕಟ್ಟಿ ಕಲಿತೆ. ಧರ್ಮಪುರ, ಹರಿಯಬ್ಬೆ, ಹೊಸದುರ್ಗದ ತೂಕದ ಕಾಟಾಗಳಿಂದ ಫೋನಿನಲ್ಲಿ ಬರುವ ಲೆಕ್ಕ ಇಸಿದುಕೊಂಡು, ಸರಿನೋಡಿ, ರೈತನ ಮೊಬೈಲಿಗೆ ರಸೀದಿ ಕಳಿಸುವುದು ಆ ಸರ್ವರಿನ ಕೆಲಸ. ಅದರ ಒಂದು ಸಾಲನ್ನೂ ಬೇರೆಯವರ ಕೈಯಲ್ಲಿ ಬರೆಸಿಲ್ಲ.

ನನ್ನನ್ನು ಮಂಡಿಗೆ ಸೇರಿಸಿದ್ದು ಅಣ್ಣ. ತೂಕದವರಲ್ಲಿ ಅವನೇ ಹಿರಿಯ. ನಮ್ಮಲ್ಲಿ ದಿನದ ಮೊದಲ ಚೀಲವನ್ನು ಒಂದು ಎನ್ನುವಂತಿಲ್ಲ. ಹಿರಿಯನಾದವನು ‘ಲಾಭ’ ಎಂದ ಮೇಲೆ ಉಳಿದವರು ಎರಡು, ಮೂರು ಎಂದು ಎಣಿಸಬೇಕು. ಹಾಗಾಗಿ ಸರ್ವರ್ ಶುರುವಾದಾಗ ಎಲ್ಲರಿಗೂ ಸೇರಿ ಅಣ್ಣನ ಹೆಸರಿನಲ್ಲಿ ಒಂದೇ ಖಾತೆ ತೆರೆದೆ. ಬೆಳಿಗ್ಗೆ ಒಂದೊಂದು ಕಾಟಾದವರೂ ಅವನಿಗೆ ಫೋನ್ ಮಾಡಿ, ಅವನ ಮೊಬೈಲಿಗೆ ಬಂದ ಆರಂಕಿಯ ನಂಬರು ಕೇಳಿಕೊಂಡು ಕೆಲಸಕ್ಕೆ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಕಾಟಾದ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕೂತ ಅಣ್ಣ ಮತ್ತೆ ಏಳಲಿಲ್ಲ. ಫೋನು ಅತ್ತಿಗೆಯ ಕೈಗೆ ಬಂತು. ಖಾತೆಯ ಹೆಸರು ಬದಲಿಸೋಣವೆಂದರೆ ತೂಕದವರು ಒಪ್ಪಲಿಲ್ಲ. ಅಣ್ಣನ ಕೈಗುಣ ಹಂಗೇ ಇರಲಿ ಎಂದರು. ನಾನೂ ಹಾಗೇ ಬಿಟ್ಟೆ.

ಅತ್ತಿಗೆ ಇರುವುದು ನಮ್ಮ ಜೊತೆಯೇ. ಅಣ್ಣ ಹೋದ ಮೇಲೆ ಅವರ ಮಾತು ನಿಂತೇಹೋಗಿತ್ತು. ಒಲೆಯ ಮುಂದೆ ನನ್ನ ಹೆಂಡತಿ ಏನು ಹೇಳಿದರೂ ಒಂದು ಹೂಂ, ಅಷ್ಟೆ. ಬೆಳಿಗ್ಗೆ ಆ ಫೋನು ಬಡಿದುಕೊಂಡಾಗ ಮಾತ್ರ ದನಿ ಏಳುತ್ತಿತ್ತು. ಕನ್ನಡಕ ಏರಿಸಿ ಅಂಕಿ ಓದುವರು. ನಡುವೆ ಒಂದು ಬಂದರೆ ಅಣ್ಣನ ಹಾಗೆಯೇ ‘ಲಾಭ’ ಎನ್ನುವರು. ಹೊಸದುರ್ಗದವನ ಮಗಳಿಗೆ ಜ್ವರ ಬಿಟ್ಟಿತೇ ಎಂದು ವಿಚಾರಿಸುವರು. ಧರ್ಮಪುರದವನಿಗೆ ಮಾತ್ರ ದಿನವೂ ಬೈಗುಳ.

“ಈಗ ಎದ್ದೇನ್ಲೇ? ಮಕ ತೊಳ್ಕಂಡು ಬಾ, ಆಮ್ಯಾಕೆ ನಂಬರ್ ಹೇಳ್ತೀನಿ.”

“ತೊಳ್ಕಂಡೀನಕ್ಕ.”

“ದನಿಯಾಗೇ ಗೊತ್ತಾಗ್ತೈತೆ ಬಿಡು.”

ಹೀಗೇ ನಡೆದಿರುವಾಗ ಹರಿಯಬ್ಬೆಯ ರೈತರೊಬ್ಬರು ಮಂಡಿಗೆ ಬಂದು ತಮ್ಮ ಮೊಬೈಲು ತೋರಿಸಿದರು. ಚೀಲ ಒಂದು, ರಸೀದಿ ಮೂರು. ಸಿಗ್ನಲ್ ಇಲ್ಲದೆ ತೂಕದವನು ಮತ್ತೆ ಮತ್ತೆ ಬಟನ್ ಒತ್ತಿದ್ದ; ಸರ್ವರ್ ಅಷ್ಟನ್ನೂ ಬೇರೆ ಬೇರೆ ಚೀಲವೆಂದು ಹಿಡಿದಿತ್ತು. ತೂಗಿದವರು ಯಾರು ಎಂದು ರಸೀದಿಯಲ್ಲಿ ನೋಡಿದರೆ ಅಣ್ಣನ ಹೆಸರು. ರೈತರು ಅದನ್ನೇ ನೋಡುತ್ತ ನಿಂತರು.

“ಅವರ ಮಣ್ಣಿಗೆ ಬಂದಿದ್ದೆ ಕಣಪ್ಪ ನಾನು. ಹಿಡಿಮಣ್ಣು ಹಾಕೀನಿ. ಅವರು ಹೆಂಗೆ ತೂಗಿದ್ರು?”

ಅವರು ಕೊಂಕಿಗೆ ಕೇಳಿದ್ದಲ್ಲ. ಮಂಡಿಯ ಸಾಹುಕಾರರೂ ಬೈಯಲಿಲ್ಲ. ನನ್ನ ಕೆಲಸದತ್ತ ಯಾರೂ ಬೆರಳು ತೋರಿಸಬಾರದು ಎನ್ನುವವನು ನಾನು, ನನಗೇ ತಡೆಯಲಿಲ್ಲ. ಅವತ್ತೇ ಹೊಸದಾಗಿ ಬರೆಯಲು ಕೂತೆ. ಪ್ರತಿ ತೂಕಕ್ಕೂ ಅದರದೇ ಗುರುತು ಕೊಟ್ಟೆ, ಎಷ್ಟು ಸಲ ಒತ್ತಿದರೂ ಚೀಲ ಒಂದೇ ಆಗಬೇಕು. ಯಾರು ಯಾವ ಹೊತ್ತಿಗೆ ಏನು ಮಾಡಿದರೆಂಬುದು ನಾನೇ ಅಳಿಸಹೋದರೂ ಅಳಿಯದ ಹಾಗೆ ಉಳಿಯಬೇಕು. ತೂಕದವರಿಗೆ ಅವರವರ ಹೆಸರಿನಲ್ಲೇ ಖಾತೆ, ಅವರವರ ಫೋನಿಗೇ ನಂಬರು. ಎಲ್ಲ ಮುಗಿಯಿತು. ಅಣ್ಣನ ಖಾತೆ ಮುಚ್ಚಿ ಹೊಸದನ್ನು ಶುರು ಮಾಡುವುದು ಮಾತ್ರ ಉಳಿಯಿತು. ನಾಳೆ ಮುಚ್ಚೋಣ, ನಾಳೆ ಮುಚ್ಚೋಣ ಎಂದು ದೂಡುತ್ತ ಬಂದೆ.

ಕಡೆಗೆ ಅತ್ತಿಗೆಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವರ ಕೈ ಮೊರದಲ್ಲೇ ನಿಂತಿತು. ಹಾಗಾದರೆ ಬೆಳಿಗ್ಗೆ ಯಾರೂ ಫೋನ್ ಮಾಡುವುದಿಲ್ಲವೇ ಎಂದು ಕೇಳಿದರು. ಮಾಡುತ್ತಾರೆ, ಅವರೇನು ಹೊರಗಿನವರೇ ಎಂದೆ. ನನ್ನ ಮಾತು ನನಗೇ ಹಗುರವಾಗಿ ಕೇಳಿತು. ಬೇಡವೆಂದರೆ ಹಾಗೇ ಬಿಟ್ಟುಬಿಡುತ್ತೇನೆ ಎಂದೂ ಹೇಳಿದೆ.

“ಬ್ಯಾಡಪ್ಪ,” ಎಂದರು. “ಇದ್ದಾಗ ಯಾರು ತಪ್ಪು ತೂಗಿದ್ರೂ ನಿಮ್ಮಣ್ಣ ಎದುರಿಗೆ ನಿಂತು ಉತ್ತರ ಕೊಡೋರು. ಈಗ ಎಲ್ಲಿಂದ ಬಂದು ಕೊಡ್ತಾರೆ? ಮುಚ್ಚು.”

ಮರುದಿನ ಮಂಡಿಯಲ್ಲಿ ಕೂತು ಮುಚ್ಚಲು ಹೋದರೆ ನಾನೇ ಬರೆದ ನಿಯಮ ಅಡ್ಡ ಬಂತು. ಯಾವ ಖಾತೆ ಮುಚ್ಚಬೇಕಾದರೂ ಆ ಖಾತೆಯ ಫೋನಿಗೆ ನಂಬರು ಹೋಗುತ್ತದೆ, ಅದನ್ನು ಹಾಕಬೇಕು. ಮನೆಗೆ ಫೋನ್ ಮಾಡಿ, ನಂಬರ್ ಬಂತಾ ಅತ್ತಿಗೆ ಎಂದೆ.

“ಬಂತು. ಏಳು, ನಾಲ್ಕು, ಲಾಭ...” ಅಲ್ಲಿಗೆ ನಿಂತರು. ನಾನೂ ಮುಂದಕ್ಕೆ ಕೇಳಲಿಲ್ಲ. ಕಾಯುತ್ತ ಕೂತಿದ್ದಂತೆಯೇ ಆ ನಂಬರಿನ ಹೊತ್ತು ಮುಗಿದುಹೋಯಿತು.

“ಇನ್ನೊಂದು ಸಲ ಕಳಿಸ್ಲಾ ಅತ್ತಿಗೆ?”

“ಕಳ್ಸು.”

ಈ ಸಲ ಆರೂ ಅಂಕಿಗಳನ್ನು ಒಂದೇ ಉಸಿರಿನಲ್ಲಿ ಓದಿದರು. ಅದರಲ್ಲೂ ಒಂದು ಇತ್ತು. ಅದನ್ನು ಒಂದು ಎಂದೇ ಓದಿದರು. ನಾನು ಒತ್ತಿದೆ, ಖಾತೆ ಮುಚ್ಚಿತು.

“ಆಯ್ತೇನಪ್ಪ?”

ಆಯಿತು ಎಂದೆ.