ಮಾಂತಪ್ಪ ಕಾಕಾ ಹಾಕಿದ ಕೊಂಡಿ

ಯಾವ ನಕಾಶೆ ಕೈಗೆ ಕೊಟ್ಟರೂ ಮಾಂತಪ್ಪ ಕಾಕಾ ಮೊದಲು ಅದನ್ನು ತಿರುವಿ ಬೆನ್ನು ನೋಡುತ್ತಿದ್ದರು. ನಲವತ್ತು ವರ್ಷ ಇಲಕಲ್ ಸೀರೆ ನೇಯ್ದವರು. ಒಳಮೈ ನೋಡದೆ ಅವರಿಗೆ ಯಾವುದರ ಮೇಲೂ ನಂಬಿಕೆ ಬರುತ್ತಿರಲಿಲ್ಲ. ನಮ್ಮೂರ ನಗರಸಭೆಗೆ ಆರಿಸಿ ಬಂದ ಮೇಲೂ ಆ ಚಟ ಹೋಗಲಿಲ್ಲ. ಹೊಸ ಬಡಾವಣೆಯ ನಕಾಶೆಯನ್ನು ಮಗುಚಿ, ಖಾಲಿ ಹಾಳೆಯನ್ನು ಬೆಳಕಿಗೆ ಹಿಡಿದು, "ಹಿಂದ ಏನೂ ಇಲ್ಲಲ್ರಿ ಸಾಹೇಬ್ರ" ಎನ್ನುತ್ತಿದ್ದರು. ಎಂಜಿನಿಯರ್ ಸಾಹೇಬರು ಪ್ರತಿ ಸಲವೂ ಅಷ್ಟೇ ಗಂಭೀರವಾಗಿ, "ಹಿಂದ ಏನೂ ಇರೂದಿಲ್ರಿ" ಎಂದು ಉತ್ತರಿಸುತ್ತಿದ್ದರು.

ನಾನು ಅಲ್ಲಿ ಗುಮಾಸ್ತ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವನು, ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ. ಮನೆಗೆ ಹೋಗಿ ದಿನಚರಿಯನ್ನೂ ಬರೆಯುತ್ತೇನೆ. ಒಂದೇ ದಿನದ ಬಗ್ಗೆ ಈ ಎರಡು ಪುಸ್ತಕಗಳು ಒಮ್ಮೆಯೂ ಒಂದೇ ಮಾತು ಹೇಳಿಲ್ಲ. ನೆನಪು ಈಗ ಮೂರನೆಯದನ್ನು ಹೇಳುತ್ತದೆ. ಹಾಗಾಗಿ ಕಾಕಾನ ಬಗ್ಗೆ ನಾನು ಹೇಳುವುದರಲ್ಲಿ ಎಷ್ಟು ಅವರದು, ಎಷ್ಟು ನನ್ನದು ಎಂದು ಖಚಿತವಾಗಿ ಹೇಳಲಾರೆ.

ಕೆಂಪು ರೇಷ್ಮೆ ಎಳೆ ಮಾತ್ರ ಖಚಿತ. ಅಂಗಿಯ ಜೇಬಿನಲ್ಲಿ ಒಂದು ಬೆಂಕಿಪೆಟ್ಟಿಗೆ, ಅದರೊಳಗೆ ಆ ಎಳೆ. ಸಭೆಯಲ್ಲಿ ಯಾರಾದರೂ ಉದ್ದಕ್ಕೆ ಭಾಷಣ ಹೊಡೆದರೆ ಕಾಕಾ ಎಳೆ ತೆಗೆದು ಬೆರಳಲ್ಲೇ ಕೊಂಡಿ ಹಾಕುತ್ತಾ ಕೂರುತ್ತಿದ್ದರು. ನಮ್ಮ ಕಡೆಯ ಸೀರೆಯಲ್ಲಿ ಸೆರಗಿನ ಎಳೆಗಳು ಬೇರೆ, ಮೈಯ ಎಳೆಗಳು ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು, ಅದೇ ಕೊಂಡಿ. "ನಿಮ್ಮ ಭಾಷಣದಾಗ ಹನ್ನೊಂದು ಕೊಂಡಿ ಆದೂವ್ರಿ" ಎಂದು ಅವರು ಹೇಳಿದರೆ ಭಾಷಣ ಮಾಡಿದವರು ಅದನ್ನು ಹೊಗಳಿಕೆ ಎಂದೇ ತಿಳಿಯುತ್ತಿದ್ದರು.

ಗುಡೂರಿನ ದಾರಿಗೆ ಹತ್ತಿಕೊಂಡು ಅವರ ಮನೆ. ಒಳಗೆ ಕುಣಿ ಮಗ್ಗ: ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದು. ಮನೆಯ ಹಿಂದೆ ಎಡಕ್ಕೊಂದು, ಬಲಕ್ಕೊಂದು ಹೊಸ ಬಡಾವಣೆ. ಎರಡೂ ಅಂತಿಮ ಮಂಜೂರಾತಿಗೆ ಒಂದೇ ಸಭೆಗೆ ಬಂದವು. ನಿವೇಶನ ಕೊಂಡ ಸಾಲಿ ಮಾಸ್ತರರು, ಬಸ್ ಕಂಡಕ್ಟರರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು.

ಒಳಗೆ ಒಂದು ತಾಸು ಚರ್ಚೆ ನಡೆದದ್ದು ಮುಖ್ಯರಸ್ತೆಯ ಹೆಸರಿನ ಬಗ್ಗೆ. ಇಬ್ಬರು ಸದಸ್ಯರಿಗೂ ಒಬ್ಬೊಬ್ಬ ಅಜ್ಜ ಇದ್ದ. "ನಿಮ್ಮಜ್ಜ ಊರಿಗೆ ಏನ್ ಮಾಡ್ಯಾನ್ರಿ?" "ನಿಮ್ಮಜ್ಜನ ಜಗಳಾ ಬಿಡಿಸ್ಯಾನ!" ಮಿರ್ಚಿ ಭಜಿ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಮಾಂತಪ್ಪ ಕಾಕಾ ಎರಡೂ ನಕಾಶೆಗಳನ್ನು ಮೇಜಿನ ಮೇಲೆ ಅಂಚಿಗೆ ಅಂಚು ಹಚ್ಚಿ, ಅದರ ಮೇಲೆ ಎಳೆ ಓಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: "ಹೆಸರು ಆಮ್ಯಾಲ ಇಡೂಣು. ರಸ್ತಾ ಎಲ್ಲೈತ್ರಿ?"

ಎಡಗಡೆಯ ನಕಾಶೆಯಲ್ಲಿ 'ಪ್ರವೇಶ: ಬಲಬದಿಯ ಬಡಾವಣೆಯ ರಸ್ತೆಯಿಂದ' ಎಂದಿತ್ತು. ಬಲಗಡೆಯದರಲ್ಲಿ 'ಪ್ರವೇಶ: ಎಡಬದಿಯ ಬಡಾವಣೆಯ ರಸ್ತೆಯಿಂದ' ಎಂದಿತ್ತು. ಹಿಂದೆ ಗುಡ್ಡ, ಎರಡೂ ಪಕ್ಕಕ್ಕೆ ಹಳ್ಳ. ಎರಡಕ್ಕೂ ಹಿಂದಿನ ಸಭೆಗಳಲ್ಲಿ ಮೊದಲ ಹಂತದ ಒಪ್ಪಿಗೆ ಸಿಕ್ಕಿತ್ತು. ಎರಡೂ ನಡಾವಳಿ ನನ್ನ ಕೈಬರಹದಲ್ಲೇ ಇದ್ದವು. ಬರೆಯುವಾಗ ನನಗೇನೂ ಅನಿಸಿರಲಿಲ್ಲ.

"ಹೆಲಿಕಾಪ್ಟರ್‌ಲಿಂದ ಇಳಸ್ಬೇಕೇನ್ರಿ ಮಂದೀನ?" ಎಂದರು ಯಾರೋ.

ಎಂಜಿನಿಯರ್ ಪೆನ್ಸಿಲ್ ಹಿಡಿದು ಗುಡೂರಿನ ದಾರಿಯಿಂದ ಬಡಾವಣೆಗಳ ಕಡೆ ಹೊರಟರು. ಪೆನ್ಸಿಲ್ ಒಂದು ಮನೆಯ ಮೇಲೆ ನಿಂತಿತು. ಬೇರೆ ಜಾಗವೇ ಇರಲಿಲ್ಲ. ಕಾಕಾನ ಕೆಂಪು ಎಳೆಯ ಗಂಟು ಆಗಲೇ ಅಲ್ಲಿತ್ತು.

ಅಧ್ಯಕ್ಷರಾಗಿದ್ದ ಹೆಣ್ಣುಮಗಳು ಮೆಲ್ಲಗೆ ಹೇಳಿದರು: "ಕಾಕಾರ, ನಿಮ್ಮ ಆಸ್ತಿ ವಿಷಯ ಬಂತು. ನಿಯಮದ ಪ್ರಕಾರ ನೀವು ಹೊರಗ ಹೋಗಬೇಕ್ರಿ."

"ಹೋಗ್ತೇನ್ರಿ ಅಕ್ಕಾರ." ಚಹಾದ ಕಪ್ಪು ಹಿಡಿದುಕೊಂಡೇ ಹೋಗಿ ಕಿಟಕಿಯ ಹೊರಗೆ ನಿಂತರು.

"ಇದು ಪಡಸಾಲಿ ಇರಬೇಕು" ಎಂದರು ಎಂಜಿನಿಯರ್.

"ಅಲ್ರಿ, ಅಡಗಿಮನಿ" ಎಂದಿತು ಕಿಟಕಿ. "ಪಡಸಾಲಿ ಇನ್ನೂ ಈ ಕಡೆ."

"ನೀವು ಹೊರಗದೀರಿ, ಮಾತಾಡಬಾರ್ದ್ರಿ" ಎಂದರು ಅಧ್ಯಕ್ಷರು.

"ಹೊರಗ ನಿಂತು ಮಾತಾಡಬಾರ್ದಂತ ನಿಯಮ ಐತೇನ್ರಿ?"

ನಿಯಮದ ಪುಸ್ತಕ ತಿರುವಿ ಹುಡುಕಿದರು. ಇರಲಿಲ್ಲ.

ಒಬ್ಬ ಸದಸ್ಯರು ಮನಸ್ಸು ಕರಗಿ, "ಮಗ್ಗದ ಮನಿ ಉಳಿಸಿ ರಸ್ತಾ ಹೊಳ್ಳಿಸಿದ್ರ ಹೆಂಗ?" ಎಂದರು.

ಕಿಟಕಿ ಚಹಾದ ಕಪ್ಪನ್ನು ಅಂಚಿನ ಮೇಲಿಟ್ಟಿತು. "ಸೊಟ್ಟ ಆಗ್ತೈತ್ರಿ. ಅಂಬುಲೆನ್ಸ್ ಹೊಳ್ಳೂದಿಲ್ಲ. ನೆಟ್ಟಗ ಹೋಗ್ಲಿ ಬಿಡ್ರಿ."

'ಸದಸ್ಯರು ಸಭೆಯಿಂದ ಹೊರಗಿದ್ದರು. ಸರ್ವಾನುಮತದಿಂದ ಒಪ್ಪಲಾಯಿತು' ಎಂದು ನಡಾವಳಿಯಲ್ಲಿದೆ. ಕಿಟಕಿ ಮಾತಾಡಿದ್ದನ್ನು ಬರೆಯಲು ಅದರಲ್ಲಿ ಜಾಗವಿಲ್ಲ.

ಅಂದು ಅವರನ್ನು ಮನೆಗೆ ಬಿಡಲು ಹೋದವನು ನಾನೇ. ಅವರ ಹೆಂಡತಿ ಕಾಶವ್ವ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. "ಊರ ರಸ್ತಾನ ನನ್ನ ಒಲಿ ಮ್ಯಾಲ ಹಾಯಿಸಿ ಬಂದ್ರೇನ? ಒಂದ್ ಬಸ್‌ಸ್ಟ್ಯಾಂಡೂ ಬೇಡಿಕೊಂಡು ಬರಬೇಕಿಲ್ಲ?" ಆಮೇಲೆ ನನಗೂ ರೊಟ್ಟಿ ಹಾಕಿದರು. ಕಾಕು ಅತ್ತರೇ? ದಿನಚರಿಯಲ್ಲಿ 'ಅತ್ತರು' ಎಂದಿದೆ. ನನಗೆ ನೆನಪಿರುವುದು ಬದನೆಕಾಯಿ ಪಲ್ಯ.

ಬದಲಿಗೆ ಅವರಿಗೆ ಎಡಬದಿಯ ಬಡಾವಣೆಯಲ್ಲೇ ನಿವೇಶನ ಸಿಕ್ಕಿತು. ಮನೆ ಕಟ್ಟಿದರು. ಮಗ್ಗವನ್ನು ಬಿಚ್ಚಿ ಅಟ್ಟಕ್ಕೇರಿಸಿದರು. ಹೊಸ ಕುಣಿ ತೋಡಲಿಲ್ಲ. ಮಣಕಾಲು ಕೇಳುವುದಿಲ್ಲ ಎಂದರು. ರಸ್ತೆ ನೆಟ್ಟಗೆ ಬಂತು, ಹೆಸರು ಇನ್ನೂ ಬಂದಿಲ್ಲ. ಆದರೆ ಮಗ್ಗದ ಕುಣಿ ಇದ್ದ ಜಾಗದಲ್ಲಿ ಡಾಂಬರು ಕುಸಿಯುತ್ತಲೇ ಹೋಯಿತು. ನಗರಸಭೆ ತುಂಬುತ್ತದೆ, ಅದು ಬಾಯಿ ತೆರೆಯುತ್ತದೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಲ್ಲೇ. ಮಟಮಟ ಮಧ್ಯಾಹ್ನ, ನಡುರಸ್ತೆಯಲ್ಲಿ ಗುಂಡಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಹಿಂದೆ ಒಂದು ಟಂಟಂ ಆಟೋ ಹಾರ್ನ್ ಬಾರಿಸುತ್ತಿತ್ತು.

"ಏನ್ ಮಾಡಾಕತ್ತೀರಿ ಕಾಕಾ?"

"ಅಳತಿ ನೋಡಾಕತ್ತೇನಿ. ಬರೋಬ್ಬರಿ ಐತಿ."

ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. "ಅವತ್ತು ಎಳೀಗೆ ಗಂಟು ಹಾಕೂ ಮುಂದ, ಅದು ನಿಮ್ಮ ಮನಿ ಅಂತ ಗೊತ್ತಿತ್ತೇನ್ರಿ?"

ಅವರು ಕೈ ಚಾಚಿದರು. "ಮೊದ್ಲ ನನ್ನ ಎಬ್ಬಸು ತಮ್ಮಾ. ಮಣಕಾಲು ಹಿಡದಾವ."

ಎಬ್ಬಿಸಿದೆ. ಟಂಟಂ ಮುಂದೆ ಹೋಯಿತು. ಕಾಕಾ ಧೂಳು ಕೊಡವಿಕೊಂಡು ಮನೆಯ ಕಡೆ ಹೊರಟರು. ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು.

ಈ ಸಲ ಗುಂಡಿಯ ದುರಸ್ತಿ ಕಡತ ನನ್ನ ಮೇಜಿಗೆ ಬಂದಾಗ, 'ಕುಸಿತಕ್ಕೆ ಕಾರಣ' ಎಂಬಲ್ಲಿ 'ಮಾಂತಪ್ಪನವರ ಮಗ್ಗ' ಎಂದು ಬರೆದೆ. ಎಂಜಿನಿಯರ್ ಸಾಹೇಬರು ಅದನ್ನು ಹೊಡೆದು ಹಾಕಿ 'ಅತಿವೃಷ್ಟಿ' ಎಂದು ತಿದ್ದಿದರು.

ಈ ವರ್ಷ ನಮ್ಮ ಕಡೆ ಮಳೆ ಬಂದಿಲ್ಲ.