ಬೋರ್ಡಿನ ಕೊನೆಯ ಸಾಲು

ಟೈಲರ್ ಅಬ್ದುಲ್ ಮಜೀದರಿಗೆ ಸುಮ್ಮನೆ ಕೂರುವುದು ಎಂದರೇನೆಂದೇ ಗೊತ್ತಿರಲಿಲ್ಲ. ಪುಂಜಾಲಕಟ್ಟೆಯಲ್ಲಿ ಬಸ್ಸು ನಿಲ್ಲುವ ಕಡೆ ನನ್ನ ಹೋಟೆಲು, ರಸ್ತೆಯ ಆಚೆ ಬದಿಗೆ ಅವರ ಅಂಗಡಿ. ಮಿಷನ್ನಿನ ಮುಂದೆ ಇದ್ದರೆ ಕಾಲು ತುಳಿಯುತ್ತಲೇ ಇರುತ್ತಿತ್ತು. ಎದ್ದರೆ ರಸ್ತೆಯಲ್ಲಿ ಅತ್ತಿಂದಿತ್ತ ಶತಪಥ. ನನ್ನಲ್ಲಿಗೆ ಚಾಕ್ಕೆ ಬಂದರೂ ಬಾಗಿಲಲ್ಲೇ ನಿಂತು, ಅಳತೆಯ ಟೇಪನ್ನು ಕೊರಳಲ್ಲಿ ನೇತಾಡಿಸಿಕೊಂಡೇ ನಾಲ್ಕು ಗುಟುಕಿಗೆ ಗ್ಲಾಸು ಖಾಲಿ ಮಾಡಿ ಹೋಗುವವರು.

"ಬ್ಯಾರಿಗಳೇ, ಒಮ್ಮೆ ಕೂತ್ಕೊಳ್ಳಿ ಮಾರಾಯ್ರೆ, ಬೆಂಚಿಗೆ ಬಾಡಿಗೆ ಇಲ್ಲ" ಎಂದರೆ, "ನಾನು ಕೂತ್ರೆ ನಮ್ಮವರ ವಿಕೆಟ್ ಬೀಳ್ತದೆ ಶೆಟ್ರೇ" ಎನ್ನುತ್ತಿದ್ದರು. ಪಂದ್ಯ ಇಲ್ಲದ ದಿನವೂ ಅದೇ ಉತ್ತರ. ನಮ್ಮ ಕಡೆ ಮುಸ್ಲಿಮರನ್ನು ಬ್ಯಾರಿಗಳೆಂದೇ ಕರೆಯುವುದು.

ಸೌದಿಯ ದಮ್ಮಾಮಿನಲ್ಲಿ ಎರಡು ವರ್ಷ ಹೊಲಿದು, ಅಲ್ಲಿ ಮನಸ್ಸು ನಿಲ್ಲದೆ ವಾಪಸು ಬಂದವರು ಮಜೀದ್. ಊರವರೆಲ್ಲ ಬಂಗಾರ ತಂದರೆ ಇವರು ತಂದದ್ದು ಒಂದು ದೊಡ್ಡ ರೇಡಿಯೊ. ಪಂದ್ಯದ ದಿನ ಅದು ಮಿಷನ್ನಿನ ಪಕ್ಕದಲ್ಲಿ ಕಿರುಚುತ್ತಿತ್ತು. ನಮ್ಮವರಿಗೆ ಕಷ್ಟ ಬಂತೆಂದರೆ ಸೂಜಿಯಲ್ಲಿ ನೂಲಿಲ್ಲದಿದ್ದರೂ ಮಿಷನ್ ಓಡುತ್ತಿತ್ತು. ಒಮ್ಮೆ ಕೊನೆಯ ಓವರಿನ ಗಡಿಬಿಡಿಯಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರ ಪ್ಯಾಂಟಿನ ಒಂದು ಕಾಲನ್ನು ಕೆಳಗಿನಿಂದ ಪೂರ್ತಿ ಹೊಲಿದು ಮುಚ್ಚಿಬಿಟ್ಟರು. ಅದು ಗೊತ್ತಾದದ್ದು ಆ ಪುಣ್ಯಾತ್ಮ ಮರುದಿನ ಬೆಳಿಗ್ಗೆ ಕಾಲು ತೂರಿಸಿದಾಗ.

ಶಾಲೆಯವರು ಬೇಡವೆಂದು ಬಿಟ್ಟಿದ್ದ ಒಂದು ಕಪ್ಪು ಹಲಗೆಯನ್ನು ತಂದು, ಹೊಸದಾಗಿ ಬಣ್ಣ ಬಳಿದು, ನನ್ನ ಹೋಟೆಲಿನ ಹೊರಗೋಡೆಗೆ ಮೊಳೆ ಹೊಡೆದು ತೂಗುಹಾಕಿದವರೂ ಅವರೇ. ಅಲ್ಲಾದರೆ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ. ಬೆಳ್ತಂಗಡಿಗೆ ಹೋಗುವವರು ಕಿಟಕಿಯಿಂದ ಕುತ್ತಿಗೆ ಚಾಚಿ ಸ್ಕೋರು ಓದಿಕೊಂಡು ಹೋಗುತ್ತಿದ್ದರು. ಬರೀ ಕ್ರಿಕೆಟ್ ಅಲ್ಲ, ಊರಿನ ಕಬಡ್ಡಿ, ವಾಲಿಬಾಲು ಎಲ್ಲದರ ಫಲಿತಾಂಶವೂ ಅದರಲ್ಲಿ ಬರುತ್ತಿತ್ತು. ಪ್ರತಿ ಪಂದ್ಯ ಮುಗಿದ ಮೇಲೆ ಕೆಳಗೆ ದುಂಡಗಿನ ಅಕ್ಷರದಲ್ಲಿ ಒಂದು ಸಾಲು: 'ಎರಡೂ ತಂಡಗಳು ಉತ್ತಮವಾಗಿ ಆಡಿದವು.' ಏಳನೇ ಕ್ಲಾಸಿನವರೆಗೆ ಕಲಿತ ಪುಸ್ತಕದ ಕನ್ನಡ. ನರಿಕೊಂಬಿನವರು ನಮ್ಮ ವಾಲಿಬಾಲ್ ಟೀಮನ್ನು ಒಗೆದು ಹಿಂಡಿ ಒಣಗಲು ಹಾಕಿದ ದಿನವೂ ಅದೇ ಸಾಲು ಇತ್ತು. ನಾನು ಎಷ್ಟು ನಗಾಡಿದರೂ ಅವರು ಬದಲಾಯಿಸಲಿಲ್ಲ.

ಇನ್ನು ನನ್ನ ವಿಷಯ. ಸುಬ್ಬಯ್ಯ ಶೆಟ್ಟಿ ಸೋಲನ್ನು ಅರಗಿಸಿಕೊಳ್ಳುವ ಜನ ಅಲ್ಲ. ಕೇರಂನಲ್ಲಿ ಸೋತು ಮನೆಗೆ ಹೋದರೆ ಹೆಂಡತಿ ಜಲಜಾಕ್ಷಿಯ ಸಾರಿಗೆ ಉಪ್ಪು ಜಾಸ್ತಿಯಾಗಿರುತ್ತಿತ್ತು. ಭಾರತ ಗೆದ್ದರೆ ಬಂದವರಿಗೆಲ್ಲ ಗೋಳಿಬಜೆ ಧರ್ಮಕ್ಕೆ, ಸೋತರೆ ಹೋಟೆಲಿನ ಹುಡುಗರಿಗೆ ಬೈಗುಳ. ಅದನ್ನೇ ದೇಶಪ್ರೇಮ ಎಂದುಕೊಂಡಿದ್ದೆ.

ತೊಂಬತ್ತನಾಲ್ಕರ ಏಪ್ರಿಲ್, ಶುಕ್ರವಾರ, ಶಾರ್ಜಾದಲ್ಲಿ ಪಾಕಿಸ್ತಾನದ ಎದುರು ಫೈನಲ್. ಮಜೀದ್ ಜುಮಾ ನಮಾಜು ಮುಗಿಸಿ ಓಡೋಡಿ ಬಂದು ಬೋರ್ಡಿನ ಮುಂದೆ ನಿಂತರು. ಸಂಜೆಯವರೆಗೆ ರೇಡಿಯೊಕ್ಕೂ ಬೋರ್ಡಿಗೂ ನಡುವೆ ಓಡಿದ್ದೇ ಓಡಿದ್ದು. ನಮ್ಮವರ ಒಂದೊಂದೇ ವಿಕೆಟ್ ಬಿತ್ತು. ಕೊನೆಯದೂ ಬಿತ್ತು. ಮಜೀದ್ ಬಂದರು, ಸ್ಕೋರು ಬರೆದರು, ಪಾಕಿಸ್ತಾನಕ್ಕೆ ಜಯ ಎಂದು ಬರೆದರು. ಆಮೇಲೆ ಯಾವತ್ತಿನ ಹಾಗೆ ಕೆಳಗಿನ ಸಾಲನ್ನೂ ಬರೆದರು.

ನನ್ನ ಪಕ್ಕ ಬಸ್ ಏಜೆಂಟ್ ಅಣ್ಣು ನಿಂತಿದ್ದ. "ನೋಡಿ ಶೆಟ್ರೇ, ಬ್ಯಾರಿಗಳಿಗೆ ಇವತ್ತು ಹಬ್ಬ" ಎಂದ, ಎಲ್ಲರಿಗೂ ಕೇಳುವ ಹಾಗೆ.

ನನ್ನ ತಲೆ ಮೊದಲೇ ಕಾದಿತ್ತು. "ಯಾರು ಉತ್ತಮವಾಗಿ ಆಡಿದ್ದು? ಒರೆಸಿ ಅದನ್ನು" ಎಂದೆ.

ಮಜೀದ್ ತಿರುಗಿದರು. "ಹದಿನಾಲ್ಕು ವರ್ಷದಿಂದ ಬರೀತಾ ಇದ್ದೇನೆ ಶೆಟ್ರೇ. ಇವತ್ತು ಮಾತ್ರ ಒರೆಸಿದ್ರೆ, ಇವತ್ತು ಬೇರೆ ಮನಸ್ಸಲ್ಲಿ ಬರೆದೆ ಅಂತ ಆಗ್ತದೆ."

"ಗೋಡೆ ನನ್ನದು" ಎಂದು ಹೇಳಿ, ಟೇಬಲ್ ಒರೆಸುವ ಒದ್ದೆ ಬಟ್ಟೆಯಿಂದ ನಾನೇ ಆ ಸಾಲನ್ನು ಒರೆಸಿದೆ. ಅವರು ಒದ್ದೆ ಹಲಗೆಯ ಮೇಲೆಯೇ ಮತ್ತೆ ಬರೆದರು. ಮತ್ತೆ ಒರೆಸಿದೆ. ಹಿಂದೆ ಯಾರೋ ನಕ್ಕರು. ಮಜೀದ್ ಸೀಮೆಸುಣ್ಣವನ್ನು ಅಂಗಿಯ ಕಿಸೆಗೆ ಹಾಕಿ, ಬೋರ್ಡನ್ನು ಮೊಳೆಯಿಂದ ತೆಗೆದು, ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದರು. ಅವರು ಹೋಗುವುದನ್ನು ನೋಡಿದೆ, ನೋಡಿಯೂ ಒಳಗೆ ಹೋದೆ.

ಆಮೇಲೆ ಹತ್ತು ವರ್ಷ ಅವರು ನನ್ನ ಹೋಟೆಲಿಗೆ ಕಾಲಿಡಲಿಲ್ಲ. ಬೋರ್ಡು ಅವರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಾಯಿತು. ಬೋಳು ಮೊಳೆ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತಿತ್ತೆಂದು ನಾನು ಅದಕ್ಕೊಂದು ಕ್ಯಾಲೆಂಡರ್ ಹಾಕಿದೆ. ಅಂಗಿ ಹೊಲಿಸಲು ಬಂಟ್ವಾಳಕ್ಕೆ ಹೋಗತೊಡಗಿದೆ. ಆ ಅಂಗಿಗಳೆಲ್ಲ ಕಂಕುಳಲ್ಲಿ ಬಿಗಿ. ಹೋಟೆಲಿಗೆ ಟಿ.ವಿ. ತಂದೆ, ಜನ ಸೇರಿದರು, ಭಾರತ ಎಷ್ಟೋ ಸಲ ಗೆದ್ದಿತು. ಗೆದ್ದ ದಿನವೂ ಗಲ್ಲಾದಲ್ಲಿ ಕೂತಲ್ಲಿಂದ ಎದ್ದೆದ್ದು ಆಚೆ ನೋಡುತ್ತಿದ್ದೆ. ಆಚೆ ಮಿಷನ್ನು ಒಂದೇ ಸಮನೆ ಓಡುತ್ತಿತ್ತು. ನೂಲು ಇತ್ತೋ ಇಲ್ಲವೋ, ನನಗೆ ಕಾಣುತ್ತಿರಲಿಲ್ಲ. ಹೋಗಿ ಒಂದು ಮಾತಾಡುವ ಎಂದು ಎಷ್ಟೋ ಸಲ ಚಪ್ಪಲಿ ಮೆಟ್ಟಿ, ರಸ್ತೆಯ ಅಂಚಿನವರೆಗೆ ಹೋಗಿ, ಬಸ್ಸು ನೋಡಲು ಬಂದವನ ಹಾಗೆ ನಿಂತು ವಾಪಸು ಬಂದಿದ್ದೇನೆ.

ಎರಡು ಸಾವಿರದ ಮೂರರಲ್ಲಿ ನನ್ನ ಮಗಳು ಕಾಂತಿ ಹತ್ತನೇ ಕ್ಲಾಸು. ಶಾಲೆಯ ಕಬಡ್ಡಿ ಟೀಮಿನ ನಾಯಕಿ. ಟೀಮಿನ ನೀಲಿ ಜೆರ್ಸಿ ಹೊಲಿದದ್ದು ಮಜೀದರೇ. ಅವಳು ಅವರನ್ನು ಮಜೀದಾಕ ಎಂದು ಕರೆಯುತ್ತ ಅಲ್ಲಿಗೆ ಹೋಗಿ ಬರುತ್ತಿದ್ದಳು, ನಾನು ಕಂಡೂ ಕಾಣದಂತಿದ್ದೆ. ಮೂಡುಬಿದಿರೆಯಲ್ಲಿ ಫೈನಲ್. ಕೊನೆಯ ರೈಡಿಗೆ ಹೋದ ಕಾಂತಿ ಸಿಕ್ಕಿಬಿದ್ದಳು, ಒಂದು ಪಾಯಿಂಟಿನಿಂದ ಸೋತೆವು. ನಾನು ಅಂಕಣಕ್ಕೇ ನುಗ್ಗಿ ರೆಫರಿಯ ಜೊತೆ ಜಗಳಕ್ಕೆ ನಿಂತೆ. ಕಾದು ಕಾದು ಸಾಕಾಗಿ ಟೀಮಿನ ಜೀಪು ಹೊರಟುಹೋಯಿತು. ನಾನೂ ಮಗಳೂ ವೇಣೂರಿನ ದಾರಿಯಾಗಿ ಎರಡು ಬಸ್ಸು ಹಿಡಿದು ಬಂದೆವು. ದಾರಿಯುದ್ದಕ್ಕೂ ಅವಳಿಗೆ ಬೈದೆ. ಆ ರೈಡಿಗೆ ಯಾಕೆ ಹೋದದ್ದು, ಕಾಲು ಯಾಕೆ ಕೊಟ್ಟದ್ದು, ಊರಿಗೆ ಯಾವ ಮುಖ ತೋರಿಸುವುದು. ಅವಳು ಕಿಟಕಿಯ ಸರಳು ಹಿಡಿದು ಕೂತಿದ್ದಳು, ಅಳಲೂ ಇಲ್ಲ.

ಪುಂಜಾಲಕಟ್ಟೆಯಲ್ಲಿ ಇಳಿದಾಗ ಬೆಳಕಿತ್ತು. ಜೀಪಿನವರು ಮೊದಲೇ ತಲುಪಿ ಸುದ್ದಿ ಹೇಳಿದ್ದರೆಂದು ಕಾಣುತ್ತದೆ. ಆಚೆ ಬದಿಯಲ್ಲಿ, ಟೈಲರ್ ಅಂಗಡಿಯ ಮೆಟ್ಟಿಲಿಗೆ ಒರಗಿಸಿ ಆ ಬೋರ್ಡು ಇತ್ತು. ಅದರ ತುಂಬ ಕತ್ತರಿಯ ಗೀರುಗಳು. ಅದರ ಮೇಲೆ ಇಪ್ಪತ್ತನಾಲ್ಕು, ಇಪ್ಪತ್ತಮೂರು. ಕೆಳಗೆ ಆ ಸಾಲು.

ಕಾಂತಿ ನಿಂತು ಓದಿದಳು. ಚೀಲವನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಓಡಿ, ಆ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನಾದ ನನ್ನ ಹತ್ತಿರ ಅಳಲಿಕ್ಕೂ ಆಗದೆ ಅಷ್ಟು ದೂರ ಬಂದಿದ್ದಳು ಎಂದು ಆಗ ನನಗೆ ಹೊಳೆಯಿತು. ನಾಚಿಕೆಯಾಯಿತು. ಚೀಲ ಎತ್ತಿಕೊಂಡು ನಾನೂ ದಾಟಿದೆ.

ಮಜೀದ್ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಅದೇ ಸಾಲು ಬರೆದಿದ್ದೀರಿ" ಎಂದೆ.

"ಅದು ಗೆದ್ದವರಿಗೆ ಬರೆಯುವುದಲ್ಲ ಶೆಟ್ರೇ" ಎಂದರು, ಸ್ವಲ್ಪ ಸಿಟ್ಟಿನಲ್ಲೇ. "ಗೆದ್ದವರಿಗೆ ಹೇಳ್ಲಿಕ್ಕೆ ನೂರು ಜನ ಉಂಟು. ಆ ಶುಕ್ರವಾರ ಶಾರ್ಜಾದಲ್ಲಿ ಸೋತದ್ದು ನಾವಲ್ವಾ?"

ಮಗಳನ್ನು ಕರೆದುಕೊಂಡು ಮನೆಗೆ ಹೋದೆ.

ಮರುದಿನ ಕ್ಯಾಲೆಂಡರ್ ತೆಗೆದೆ. ಒಂದು ವಾರ ಮೊಳೆ ಹಾಗೇ ಇತ್ತು, ಅವರು ಬರಲಿಲ್ಲ. ಕೊನೆಗೆ ನಾನೇ ಹೋಗಿ ಬೋರ್ಡನ್ನು ಹೊತ್ತು ತಂದು ತೂಗುಹಾಕಿದೆ. ಅವರು ಬೇಡವೆನ್ನಲಿಲ್ಲ. ಕಬಡ್ಡಿ, ವಾಲಿಬಾಲು ಮತ್ತೆ ಬರೆಯತೊಡಗಿದರು. ಚಾಕ್ಕೆ ಕರೆದರೆ ಮಾತ್ರ "ಕೆಲಸ ಉಂಟು" ಎಂದು ದಾಟಿಬಿಡುತ್ತಿದ್ದರು. ತಪ್ಪಾಯಿತು ಎನ್ನುವ ಮಾತನ್ನು ನಾನು ಇನ್ನೂ ಹೇಳಿರಲಿಲ್ಲ.

ಮುಂದಿನ ಮಾರ್ಚಿನಲ್ಲಿ ನಮ್ಮವರು ಪಾಕಿಸ್ತಾನಕ್ಕೆ ಹೋದರು. ಪೇಶಾವರದ ಪಂದ್ಯ, ಮತ್ತೆ ಶುಕ್ರವಾರ, ಮತ್ತೆ ಸೋಲು. ಟಿ.ವಿ. ನೋಡಿ ಹೊರಗೆ ಬಂದವರು ಹಲ್ಲು ಕಡಿಯುತ್ತ ಗೋಡೆಯ ಹತ್ತಿರ ನಿಂತಿದ್ದರು, ಅಣ್ಣುವೂ ಇದ್ದ. ಮಜೀದ್ ಬಂದು ಸ್ಕೋರು ಬರೆದರು, ಗೆದ್ದವರ ಹೆಸರು ಬರೆದರು. ಸೀಮೆಸುಣ್ಣ ಹಿಡಿದ ಕೈ ಕೆಳಗೆ ಇಳಿಯಿತು, ನಿಂತಿತು. ಜನರನ್ನು ಒಮ್ಮೆ ನೋಡಿ, ಸುಣ್ಣವನ್ನು ಕಿಸೆಗೆ ಹಾಕಿ ಹೊರಟರು.

"ಬ್ಯಾರಿಗಳೇ, ಒಂದು ಸಾಲು ಬಾಕಿ ಉಂಟು" ಎಂದೆ. ನನ್ನ ಸ್ವರ ನನಗೇ ಜೋರಾಗಿ ಕೇಳಿತು.

ಅವರು ತಿರುಗಿ ನೋಡಿದರು. ಅಣ್ಣು ಏನೋ ಗೊಣಗಿದ. "ಅಣ್ಣು, ಬಸ್ಸು ಬಂತು, ನಿನ್ನ ಕೆಲಸ ನೋಡು" ಎಂದೆ. ಮಜೀದ್ ಕಿಸೆಯಿಂದ ಸುಣ್ಣ ತೆಗೆದು ನನ್ನ ಕಡೆ ಚಾಚಿದರು. ನನಗೆ ಆ ಸೋಲು ಆಗಲೂ ಎದೆಯಲ್ಲಿ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಎಲ್ಲರ ಎದುರು ಬರೆದೆ. ಅಕ್ಷರಗಳು ಇಳಿಜಾರಾಗಿ ಹೋದವು. "ತಪ್ಪಾಯ್ತು" ಎಂದು ಗೋಡೆಗೇ ಹೇಳಿದೆ, ಪಕ್ಕದಲ್ಲಿದ್ದ ಅವರಿಗೆ ಕೇಳಿತು.

ಮಜೀದ್ ನನ್ನನ್ನು ದಾಟಿ ಹೋಟೆಲಿನ ಒಳಗೆ ಹೋಗಿ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು.

"ಒಂದು ಚಾ ಕೊಡಿ ಶೆಟ್ರೇ" ಎಂದರು. "ಇವತ್ತು ಇನ್ನು ಬೀಳ್ಲಿಕ್ಕೆ ವಿಕೆಟ್ ಇಲ್ಲ."

ಚಾ ನಾನೇ ಮಾಡಿ ತಂದಿಟ್ಟೆ. ಅವರು ನಿಧಾನಕ್ಕೆ ಕುಡಿದರು. ಬೆಂಚಿನ ಕೆಳಗೆ ಕಾಲು ಮಾತ್ರ ತುಳಿಯುತ್ತಲೇ ಇತ್ತು.